ಹೊಸ ಸಭೆಗೆ ಗುರುತು ಕೊಡುವವರು ನೆರೆಹೊರೆಯವರು

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳ ಹೊಸ ಬಡಾವಣೆಗಳಲ್ಲಿ ಕ್ರೈಸ್ತ ಸಭೆಯೊಂದು ಶುರುವಾಗುವುದು ಹೆಚ್ಚಾಗಿ ಯಾರದೋ ಮನೆಯ ಪ್ರಾರ್ಥನಾ ಕೂಟದಿಂದ. ಹತ್ತು ಹನ್ನೆರಡು ಕುಟುಂಬಗಳಾದ ಮೇಲೆ ಮನೆ ಸಾಲುವುದಿಲ್ಲ. ಅಂಗಡಿಗಳ ಮೇಲಿನ ಮಹಡಿಯಲ್ಲಿ ಒಂದು ಹಾಲ್ ಬಾಡಿಗೆಗೆ ಹಿಡಿಯುತ್ತಾರೆ, ಹಿರಿಯರನ್ನು ಆರಿಸುತ್ತಾರೆ, ಬೋರ್ಡು ಬರೆಸಲು ಹೊರಡುತ್ತಾರೆ. ಸಿ.ಎಸ್.ಐ., ಕಥೋಲಿಕ, ಮೆಥೋಡಿಸ್ಟ್, ಪೆಂತೆಕೋಸ್ತ ದೇವಾಲಯಗಳು ಊರಲ್ಲಿ ಈಗಾಗಲೇ ಇರುವಾಗ ನಮ್ಮದು ಯಾವುದರಲ್ಲಿ ಬೇರೆ ಎಂಬ ಪ್ರಶ್ನೆ ಆಗಲೇ ಏಳುತ್ತದೆ. ಉತ್ತರ ಹುಡುಕುವವರು ಮೊದಲು ಕೈಹಾಕುವುದು ಆಕರ್ಷಕ ಹೆಸರಿಗೆ, ಹೊಸ ಧಾಟಿಯ ಹಾಡಿಗೆ, ವಾದ್ಯಗಳಿಗೆ, ಬೋಧಕರ ಮಾತುಗಾರಿಕೆಗೆ, ಯೂಟ್ಯೂಬ್ ಪ್ರಸಾರಕ್ಕೆ. ಈ ವ್ಯತ್ಯಾಸಗಳು ಕಾಣುವುದು ಮತ್ತೊಂದು ಸಭೆಯಿಂದ ಎದ್ದು ಬರುವವರ ಕಣ್ಣಿಗೆ ಮಾತ್ರ. ಕೆಳಗಿನ ಅಂಗಡಿಯವರಿಗಾಗಲಿ, ಪಕ್ಕದ ಮನೆಯವರಿಗಾಗಲಿ ಇವು ಲೆಕ್ಕಕ್ಕೇ ಬರುವುದಿಲ್ಲ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ. 1.87. ಹಾಗಾಗಿ ಹೊಸ ಸಭೆಯ ಸುತ್ತ ಬದುಕುವವರಲ್ಲಿ ಬಹುಪಾಲು ಜನ ಒಳಗೆ ಕಾಲಿಡದೆಯೇ ಅದರ ಬಗ್ಗೆ ಅಭಿಪ್ರಾಯ ಕಟ್ಟಿಕೊಳ್ಳುತ್ತಾರೆ. ಅವರ ಅಭಿಪ್ರಾಯವೇ ಊರಿನಲ್ಲಿ ಸಭೆಯ ಗುರುತು. ಅದು ಮೂಡುವುದು ನಾಲ್ಕು ವಿಷಯಗಳಿಂದ: ಊಟದ ಪಂಕ್ತಿ, ಕಾಣಿಕೆಯ ಹಣ, ಆಡುವ ಭಾಷೆ, ಬೀದಿಯಲ್ಲಿನ ನಡವಳಿಕೆ. ಹೊಸ ಸಭೆ ಮೊದಲ ವರ್ಷದಲ್ಲಿ ಬುದ್ಧಿ ಖರ್ಚು ಮಾಡಬೇಕಾದದ್ದು ಈ ನಾಲ್ಕರ ಮೇಲೆ.

ಹೊರಗಿನವರು ಬರೆದಿಟ್ಟ ಸಾಕ್ಷಿ

ಎಲ್ಲ ಸಭೆಗಳೂ ಹೊಸದಾಗಿದ್ದ ಕಾಲದ ದಾಖಲೆಗಳನ್ನು ನೋಡಿದರೆ ಈ ಮಾತಿಗೆ ಆಧಾರ ಸಿಗುತ್ತದೆ. ಕ್ರಿ.ಶ. 112ರ ಸುಮಾರಿಗೆ ಬಿಥೂನ್ಯ ಪ್ರಾಂತದ ರೋಮನ್ ರಾಜ್ಯಪಾಲ ಪ್ಲಿನಿ, ಕ್ರೈಸ್ತರನ್ನು ಏನು ಮಾಡಬೇಕೆಂದು ಕೇಳಿ ಚಕ್ರವರ್ತಿ ಟ್ರಾಜನನಿಗೆ ಪತ್ರ ಬರೆದ. ಅವನು ಕ್ರೈಸ್ತರ ಮಿತ್ರನಲ್ಲ. ವಿಚಾರಣೆ ನಡೆಸಿ ಶಿಕ್ಷೆ ಕೊಡುತ್ತಿದ್ದವನು. ಆದರೂ ಅವನ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿಗಳು ಇವು: ಇವರು ಗೊತ್ತಾದ ದಿನ ಬೆಳಕು ಹರಿಯುವ ಮುಂಚೆ ಸೇರಿ ಕ್ರಿಸ್ತನನ್ನು ದೇವರೆಂದು ಸ್ತುತಿಸುತ್ತಾರೆ, ಕಳ್ಳತನ, ವ್ಯಭಿಚಾರ ಮಾಡುವುದಿಲ್ಲವೆಂದೂ ಕೊಟ್ಟ ಮಾತಿಗೆ ತಪ್ಪುವುದಿಲ್ಲವೆಂದೂ ಪ್ರಮಾಣ ಮಾಡುತ್ತಾರೆ, ಆಮೇಲೆ ಮತ್ತೆ ಸೇರಿ ಸಾಧಾರಣ ಊಟ ಮಾಡುತ್ತಾರೆ. ಸತ್ಯ ಬಾಯಿಬಿಡಿಸಲೆಂದು ಅವನು ಚಿತ್ರಹಿಂಸೆಗೆ ಗುರಿಮಾಡಿದ್ದು ಇಬ್ಬರು ದಾಸಿಯರನ್ನು. ಆ ಇಬ್ಬರೂ ಸಭೆಯಲ್ಲಿ ಸೇವಕಿಯರ ಹುದ್ದೆಯಲ್ಲಿದ್ದವರು. ರೋಮಿನ ಕಾನೂನಿನಲ್ಲಿ ಯಜಮಾನನ ಸ್ವತ್ತಾಗಿದ್ದ ಹೆಂಗಸರು ಸಭೆಯಲ್ಲಿ ಜವಾಬ್ದಾರಿ ಹೊತ್ತಿದ್ದರು ಎಂಬುದು ಆ ಸಭೆಯ ಬಗ್ಗೆ ಯಾವ ಬೋರ್ಡೂ ಹೇಳಲಾಗದಷ್ಟನ್ನು ಹೇಳುತ್ತದೆ.

ಅದಾಗಿ ಸುಮಾರು ನಲವತ್ತು ವರ್ಷಕ್ಕೆ ರೋಮಿನಲ್ಲಿದ್ದ ಕ್ರೈಸ್ತ ಬರಹಗಾರ ಜಸ್ಟಿನ್, ಭಾನುವಾರದ ಆರಾಧನೆ ಹೇಗೆ ನಡೆಯುತ್ತದೆಂದು ಹೊರಗಿನವರಿಗಾಗಿ ವಿವರಿಸಿದ. ಅಪೊಸ್ತಲರ ನೆನಪಿನ ಬರಹಗಳನ್ನೋ ಪ್ರವಾದಿಗಳ ಗ್ರಂಥಗಳನ್ನೋ ಸಮಯವಿದ್ದಷ್ಟು ಓದುತ್ತಾರೆ. ಅಧ್ಯಕ್ಷತೆ ವಹಿಸಿದವರು ಬೋಧಿಸುತ್ತಾರೆ. ಎಲ್ಲರೂ ಎದ್ದು ನಿಂತು ಪ್ರಾರ್ಥಿಸುತ್ತಾರೆ. ರೊಟ್ಟಿಯನ್ನೂ ನೀರು ಬೆರೆಸಿದ ದ್ರಾಕ್ಷಾರಸವನ್ನೂ ಹಂಚಿಕೊಳ್ಳುತ್ತಾರೆ. ಬರಲಾಗದವರ ಪಾಲನ್ನು ಸೇವಕರು ಅವರ ಮನೆಗೇ ಮುಟ್ಟಿಸುತ್ತಾರೆ. ಅನುಕೂಲವಿದ್ದವರು ಇಷ್ಟಪಟ್ಟಷ್ಟು ಕೊಟ್ಟ ಹಣ ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಮನೆಯಲ್ಲಿರುವವರಿಗೆ, ಪರವೂರಿನಿಂದ ಬಂದವರಿಗೆ ಹೋಗುತ್ತದೆ. ಆರಾಧನೆ ಎಲ್ಲಿ ಮುಗಿದು ಸೇವೆ ಎಲ್ಲಿ ಶುರುವಾಯಿತೆಂದು ಈ ವಿವರಣೆಯಲ್ಲಿ ಗೆರೆ ಎಳೆಯಲಾಗದು. 251ರಲ್ಲಿ ರೋಮಿನ ಬಿಷಪ್ ಕೊರ್ನೇಲಿಯಸ್ ಬರೆದ ಪತ್ರದ ಪ್ರಕಾರ ಅಲ್ಲಿನ ಸಭೆ 46 ಹಿರಿಯರನ್ನೂ 1,500ಕ್ಕೂ ಹೆಚ್ಚು ವಿಧವೆಯರು ಮತ್ತು ದಿಕ್ಕಿಲ್ಲದವರನ್ನೂ ಪೋಷಿಸುತ್ತಿತ್ತು. ಆಗಿನ್ನೂ ಆ ಸಭೆಗೆ ಕಾನೂನಿನ ಮಾನ್ಯತೆಯಿರಲಿಲ್ಲ, ಗೋಪುರವಿರುವ ಕಟ್ಟಡವಿರಲಿಲ್ಲ. ನಾಲ್ಕನೆಯ ಶತಮಾನದಲ್ಲಿ ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ಊರ್ಜಿತಗೊಳಿಸಲು ಹೊರಟ ಚಕ್ರವರ್ತಿ ಜೂಲಿಯನ್ ತನ್ನ ಪುರೋಹಿತರಿಗೆ ಬರೆಯುವಾಗ ಇದನ್ನೇ ಎತ್ತಿ ಆಡಿದ: ಆ ಗಲಿಲಾಯದವರು (ಅಂದರೆ ಕ್ರೈಸ್ತರು) ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ಇದು ನಮಗೆ ನಾಚಿಕೆಗೇಡು ಎಂಬುದು ಅವನ ಮಾತಿನ ತಿರುಳು. ವಿರೋಧಿಯೇ ಒಪ್ಪಿಕೊಂಡ ಗುರುತಿಗಿಂತ ಗಟ್ಟಿಯಾದ ಗುರುತು ಇನ್ನೊಂದಿಲ್ಲ.

ಒಂದೇ ಪಂಕ್ತಿ

ಪಂಕ್ತಿಯನ್ನು ಮೊದಲು ಹೇಳಲು ಕಾರಣವಿದೆ. ಯಾರ ಜೊತೆ ಯಾರು ಕೂತು ಉಣ್ಣುತ್ತಾರೆ ಎಂಬುದನ್ನು ನಮ್ಮ ಊರುಗಳು ಬೇರೆ ಯಾವುದಕ್ಕಿಂತ ಬೇಗ ಗಮನಿಸುತ್ತವೆ. ಸಿರಿಯಾದ ಅಂತಿಯೋಕ್ಯದ ಸಭೆ ಹೊಸದಾಗಿ ಹುಟ್ಟಿದಾಗ ಯೆಹೂದ್ಯರೂ ಗ್ರೀಕರೂ ಅಲ್ಲಿ ಒಟ್ಟಿಗೆ ಉಂಡರು. ಅಪೊಸ್ತಲರ ಕೃತ್ಯಗಳು 13ನೆಯ ಅಧ್ಯಾಯದಲ್ಲಿ ಆ ಸಭೆಯ ಮುಂದಾಳುಗಳ ಪಟ್ಟಿಯಿದೆ: ಸೈಪ್ರಸ್ ದ್ವೀಪದ ಬಾರ್ನಬ, ನೀಗರನೆನಿಸಿಕೊಂಡ ಸಿಮೆಯೋನ, ಉತ್ತರ ಆಫ್ರಿಕಾದ ಕುರೇನೆಯಿಂದ ಬಂದ ಲೂಕ್ಯ, ಹೆರೋದನ ಜೊತೆ ಬೆಳೆದ ಮೆನಹೇನ, ಮುಂದೆ ಪೌಲನೆನಿಸಿದ ತಾರ್ಸದ ಸೌಲ. ಐದು ಜನ ಬೇರೆ ಬೇರೆ ಹಿನ್ನೆಲೆಯವರು. ಅದೇ ಊರಿನಲ್ಲಿ ಪೇತ್ರನು ಯಾರಿಗೋ ಹೆದರಿ ಅನ್ಯಜನರ ಪಂಕ್ತಿಯಿಂದ ಹಿಂದೆ ಸರಿದಾಗ ಪೌಲನು ಎಲ್ಲರೆದುರಿಗೆ ಅವನನ್ನು ತಡೆದು ಕೇಳಿದ. ಕೊರಿಂಥದಲ್ಲಿ ಉಳ್ಳವರು ಮೊದಲೇ ಉಂಡು, ದುಡಿದು ತಡವಾಗಿ ಬಂದ ಬಡವರು ಹಸಿದಿರುವುದನ್ನು ಕೇಳಿ, ಇದು ಕರ್ತನ ಭೋಜನವೇ ಅಲ್ಲವೆಂದು ಬರೆದ. ಪಂಕ್ತಿ ಕೆಟ್ಟರೆ ಸಭೆ ಕೆಟ್ಟಿತೆಂಬುದು ಅವನ ನಿಲುವು.

ದಕ್ಷಿಣ ಭಾರತದ ಸಭೆಗಳು ಈ ಪರೀಕ್ಷೆಯಲ್ಲಿ ಬಹಳ ಕಾಲ ಸೋತವು. ತಂಜಾವೂರು, ಮದ್ರಾಸಿನ ಹಳೆಯ ಸಭೆಗಳಲ್ಲಿ ಜಾತಿಗೊಂದು ಕಡೆ ಕೂರುವ ಪದ್ಧತಿ ಬೇರೂರಿತ್ತು. 1833ರಲ್ಲಿ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ ಸಭೆಗಳಲ್ಲಿ ಜಾತಿಭೇದವನ್ನು ಪೂರ್ತಿಯಾಗಿ ಬಿಡಬೇಕೆಂದು ಆಜ್ಞೆ ಹೊರಡಿಸಿದಾಗ ಎಷ್ಟೋ ಜನ ಸಭೆಯನ್ನೇ ಬಿಟ್ಟು ನಡೆದರು. ಇಂದು ಯಾವ ಹೊಸ ಸಭೆಯೂ ಜಾತಿ ನೋಡಿ ಕೂರಿಸುತ್ತೇವೆ ಎನ್ನುವುದಿಲ್ಲ. ಭೇದ ಬೇರೆ ದಾರಿಯಲ್ಲಿ ನುಸುಳುತ್ತದೆ: ಹಿರಿಯರ ಸಮಿತಿಯಲ್ಲಿ ಒಂದೇ ಜಾತಿಯ, ಒಂದೇ ಕುಟುಂಬದ ಹೆಸರುಗಳಿರುತ್ತವೆ, ಮದುವೆ ಸಂಬಂಧದ ಮಾತು ಬಂದಾಗ ಕುಲ ವಿಚಾರಿಸುತ್ತಾರೆ, ಆರಾಧನೆ ಮುಗಿದ ಮೇಲೆ ನೆಲ ಒರೆಸುವವರು ಪ್ರತಿ ವಾರ ಅದೇ ಮನೆಯ ಹೆಂಗಸರಾಗಿರುತ್ತಾರೆ. ಹೊಸ ಸಭೆ ಇದನ್ನು ನಿಯಮ ಮಾಡಿಯೇ ತಡೆಯಬೇಕು. ತಿಂಗಳಿಗೊಂದು ಸಹಭೋಜನವಿರಲಿ. ಅಡುಗೆ, ಬಡಿಸುವುದು, ಪಾತ್ರೆ ತೊಳೆಯುವುದು, ಹಾಲ್ ಗುಡಿಸುವುದು ಎಲ್ಲ ಮನೆಗಳಿಗೂ ಸರದಿಯಂತೆ ಬರಲಿ. ಸಭಾಪಾಲಕರ ಮನೆಗೂ, ಹೆಚ್ಚು ಕಾಣಿಕೆ ಕೊಡುವವರ ಮನೆಗೂ ವಿನಾಯಿತಿ ಬೇಡ. ಸಮಿತಿಯಲ್ಲಿ ಹೆಂಗಸರೂ ದಿನಗೂಲಿಯವರೂ ಇರುವಂತೆ ಬರೆದಿಡಿ, ಒಬ್ಬರು ಎಷ್ಟು ವರ್ಷ ಮುಂದುವರಿಯಬಹುದೆಂಬ ಮಿತಿಯನ್ನೂ ಹಾಕಿ. ಮನೆಗೆಲಸದಾಕೆಯೂ ಅವಳು ಕೆಲಸ ಮಾಡುವ ಮನೆಯ ಯಜಮಾನಿಯೂ ಅಕ್ಕಪಕ್ಕ ಕೂತು ಊಟ ಮಾಡಿದ ಸುದ್ದಿ ಬೀದಿಗೆ ಸಂಜೆಯೊಳಗೆ ತಲುಪುತ್ತದೆ. ಅದಕ್ಕೆ ಕರಪತ್ರ ಬೇಕಾಗಿಲ್ಲ.

ತೆರೆದ ಲೆಕ್ಕ

ಯೆರೂಸಲೇಮಿನ ಮೊದಲ ಸಭೆಯಲ್ಲಿ ಎದ್ದ ಮೊದಲ ದೊಡ್ಡ ಗೊಣಗಾಟ ಹಂಚಿಕೆಯದು. ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂಬ ದೂರು ಬಂದಾಗ ಅಪೊಸ್ತಲರು ಅದನ್ನು ಮುಚ್ಚಿಹಾಕಲಿಲ್ಲ. ಏಳು ಜನರನ್ನು ನೀವೇ ಆರಿಸಿರಿ ಎಂದು ಸಭೆಗೆ ಹೇಳಿ ಹಣದ ಹೊಣೆಯನ್ನು ತಮ್ಮ ಕೈಯಿಂದ ಬಿಟ್ಟುಕೊಟ್ಟರು. ಆರಿಸಲ್ಪಟ್ಟ ಏಳೂ ಜನರ ಹೆಸರುಗಳು ಗ್ರೀಕ್ ಹೆಸರುಗಳು. ದೂರು ಕೊಟ್ಟವರ ಕಡೆಯವರ ಕೈಗೇ ಹಂಚಿಕೆ ಹೋಯಿತೆಂದು ಇದರಿಂದ ಊಹಿಸಬಹುದು. ಬೋಧಿಸುವವರೂ ಖಜಾನೆ ಹಿಡಿದವರೂ ಒಬ್ಬರೇ ಆಗಬಾರದೆಂಬ ಪಾಠ ಸಭೆಯ ಇತಿಹಾಸದ ಮೊದಲ ಪುಟಗಳಲ್ಲೇ ಇದೆ. ಇಂದು ಹೊಸ ಸಭೆಗಳ ಬಗ್ಗೆ ಜನರಲ್ಲಿರುವ ಅನುಮಾನಗಳಲ್ಲಿ ದೊಡ್ಡ ಪಾಲು ಹಣದ್ದು. ಎಲ್ಲಿಂದ ಬರುತ್ತದೆ, ಯಾರ ಜೇಬಿಗೆ ಹೋಗುತ್ತದೆ ಎಂದು ಕೇಳುವವರಲ್ಲಿ ಸಭೆಯ ಸದಸ್ಯರೂ ಇದ್ದಾರೆ. ಸಿಟ್ಟಾಗುವುದರಿಂದ ಈ ಪ್ರಶ್ನೆ ಹೋಗುವುದಿಲ್ಲ, ಲೆಕ್ಕ ತೋರಿಸುವುದರಿಂದ ಹೋಗುತ್ತದೆ.

ಮಾಡಬೇಕಾದ ಕೆಲಸಗಳು ಸರಳ. ಸಭೆಗೆ ಕಾನೂನಿನ ಒಂದು ರೂಪ ಕೊಡಿ: ಏಳು ಜನ ಸೇರಿದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಸಂಘವಾಗಿ ನೋಂದಾಯಿಸಬಹುದು, ಇಲ್ಲವೇ ಟ್ರಸ್ಟ್ ಪತ್ರ ಬರೆಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬಹುದು. ಬ್ಯಾಂಕ್ ಖಾತೆ ಸಂಸ್ಥೆಯ ಹೆಸರಿನಲ್ಲಿರಲಿ, ಹಣ ತೆಗೆಯಲು ಒಂದೇ ಮನೆಯವರಲ್ಲದ ಇಬ್ಬರ ಸಹಿ ಬೇಕಾಗಲಿ. ನಿವೇಶನ ಕೊಂಡರೆ ಪತ್ರ ಸಂಸ್ಥೆಯ ಹೆಸರಿಗೇ ಆಗಲಿ. ಸಭಾಪಾಲಕರ ಹೆಸರಿಗೆ ಮಾಡಿಸಿದ ಆಸ್ತಿ ಮುಂದಿನ ತಲೆಮಾರಿಗೆ ಕೋರ್ಟಿನ ದಾರಿ ತೋರಿಸುತ್ತದೆ. ಭಾನುವಾರದ ಕಾಣಿಕೆಯನ್ನು ಇಬ್ಬರು ಕೂತು ಎಣಿಸಿ, ಪುಸ್ತಕದಲ್ಲಿ ಬರೆದು, ಅಲ್ಲೇ ಸಹಿ ಹಾಕಲಿ. ತಿಂಗಳ ಜಮಾ ಖರ್ಚನ್ನು ನೋಟಿಸ್ ಬೋರ್ಡಿಗೆ ಹಚ್ಚಿ, ವರ್ಷಕ್ಕೊಮ್ಮೆ ಲೆಕ್ಕಪರಿಶೋಧಕರಿಂದ ತಪಾಸಣೆ ಮಾಡಿಸಿ ಮಹಾಸಭೆಯಲ್ಲಿ ಓದಿ. ಪರದೇಶದ ಹಣ ಬರುವುದಾದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, 2010ರಡಿ ಅನುಮತಿಯಿಲ್ಲದೆ ಒಂದು ರೂಪಾಯಿಯನ್ನೂ ಪಡೆಯಬಾರದು. 2020ರ ತಿದ್ದುಪಡಿಯಾದ ಮೇಲೆ ಅಂಥ ಹಣ ಮೊದಲು ಬಂದು ಇಳಿಯಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಇದೆಲ್ಲದರ ಜೊತೆಗೆ, ಬಂದ ಕಾಣಿಕೆಯಲ್ಲಿ ಒಂದು ಗೊತ್ತಾದ ಪಾಲು ಸಭೆಯಿಂದ ಹೊರಗೆ ಹೋಗಬೇಕೆಂದು ಮೊದಲ ತಿಂಗಳಲ್ಲೇ ತೀರ್ಮಾನಿಸಿ. ಬರಗಾಲ ಬರುತ್ತದೆಂದು ಕೇಳಿದ ಕೂಡಲೇ ಅಂತಿಯೋಕ್ಯದವರು ಹಣ ಕೂಡಿಸಿ ಕಳಿಸಿದ್ದು ಯೂದಾಯ ಸೀಮೆಗೆ. ಎಳೆಯ ಸಭೆಯೊಂದು ಹೀಗೆ ಕೊಡಲು ಕಲಿತದ್ದರಿಂದಲೇ ಅದರ ಹೆಸರು ಉಳಿಯಿತು.

ಊರಿನ ಮಾತು

ಮೂರನೆಯ ವಿಷಯಕ್ಕೆ ಕರ್ನಾಟಕದಲ್ಲೇ ದೊಡ್ಡ ಸಾಕ್ಷಿಯಿದೆ. 1834ರ ಅಕ್ಟೋಬರ್ 30ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಸ್ಯಾಮ್ಯುಯೆಲ್ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿನಲ್ಲಿ ಇಳಿದರು. ಆ ಊರಿಗೆ ಕ್ರೈಸ್ತಧರ್ಮ ಹೊಸದೇನೂ ಅಲ್ಲ. ಕೊಂಕಣಿ ಮಾತಾಡುವ ಕಥೋಲಿಕರು ಅದಾಗಲೇ ತಲೆಮಾರುಗಳಿಂದ ಅಲ್ಲಿದ್ದರು. ಹಾಗಿದ್ದೂ ಈ ಹೊಸ ಸಭೆಗೆ ತನ್ನದೇ ಚಹರೆ ಬಂದದ್ದು ಅದು ಊರಿನ ಭಾಷೆಗಳಿಗೆ ಮಾಡಿದ ಕೆಲಸದಿಂದ. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಅದು ಕನ್ನಡದ ಮೊದಲ ಪತ್ರಿಕೆ, ಆ ದಿನವನ್ನು ನಾಡು ಇಂದಿಗೂ ಪತ್ರಿಕಾ ದಿನವಾಗಿ ಆಚರಿಸುತ್ತದೆ. ಅದೇ ಮಿಷನ್ನಿನ ಫರ್ಡಿನಂಡ್ ಕಿಟ್ಟೆಲ್ 1862ರಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿಗೆ ಹೊಂದಿಸಿ ‘ಕಥಾಮಾಲೆ’ ಬರೆದರು, 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನು ಪ್ರಕಟಿಸಿದರು. ಆ ಮಿಷನ್ನಿನ ಬೋಧನೆಯನ್ನು ಒಪ್ಪದ ಲಕ್ಷಾಂತರ ಕನ್ನಡಿಗರು ಕಿಟ್ಟೆಲ್ ಹೆಸರನ್ನು ಗೌರವದಿಂದ ಹೇಳುತ್ತಾರೆ. ಊರಿನ ಮಾತನ್ನು ಶ್ರದ್ಧೆಯಿಂದ ಕಲಿತವರಿಗೆ ಊರು ಕೊಡುವ ಮನ್ನಣೆ ಅದು.

ಈಗಿನ ನಗರದ ಹೊಸ ಸಭೆಗಳಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಬೆಂಗಳೂರಿನ ಒಂದೇ ಬಡಾವಣೆಯಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳ, ಹಿಂದಿ ಮಾತಾಡುವ ಕ್ರೈಸ್ತರಿರುತ್ತಾರೆ, ಸುಲಭವೆಂದು ಸಭೆ ಇಂಗ್ಲಿಷಿಗೆ ಹೊರಳುತ್ತದೆ. ಐ.ಟಿ. ಉದ್ಯೋಗಿಗಳಿಗೆ ಅದು ಸಾಕು; ಅಪಾರ್ಟ್‌ಮೆಂಟಿನ ಕಾವಲುಗಾರನಿಗೆ, ತರಕಾರಿ ಮಾರುವವಳಿಗೆ ಅಲ್ಲಿ ಜಾಗವಿರುವುದಿಲ್ಲ. ಕನ್ನಡದಲ್ಲೇ ನಡೆಯುವ ಸಭೆಗಳಲ್ಲಿ ಇನ್ನೊಂದು ತೊಡಕಿದೆ: ಬೋಧನೆ ಕನ್ನಡದಲ್ಲಿದ್ದರೂ ವಾಕ್ಯರಚನೆ ಪರಭಾಷೆಯದು, ಹಾಡಿನ ರಾಗ ಇನ್ನೆಲ್ಲಿಯದೋ. ಹೊಸ ಸಭೆ ಸುತ್ತಲಿನ ನಾಲ್ಕಾರು ಬೀದಿಗಳಲ್ಲಿ ಮನೆಮಾತು ಯಾವುದೆಂದು ಮೊದಲು ತಿಳಿದುಕೊಳ್ಳಲಿ. ಮುಖ್ಯ ಆರಾಧನೆ ಆ ಮಾತಿನಲ್ಲಿರಲಿ, ಉಳಿದ ಭಾಷೆಯವರಿಗೆ ವಾಕ್ಯಪಠಣದಲ್ಲೋ ಹಾಡಿನಲ್ಲೋ ಪಾಲು ಸಿಗಲಿ. ವಲಸೆ ಬಂದ ಸದಸ್ಯರಿಗೆ ವಾರದಲ್ಲಿ ಒಂದು ಸಂಜೆ ಕನ್ನಡ ಕಲಿಸುವ ವ್ಯವಸ್ಥೆ ಮಾಡಲಿ. ಆ ಪಾಠಕ್ಕೆ ಬಡಾವಣೆಯ ಯಾರು ಬೇಕಾದರೂ ಬರಬಹುದೆಂದು ಹೇಳಲಿ.

ಬೀದಿಯ ನೆಮ್ಮದಿ

ಹೊಸ ಸಭೆಗೂ ಬೀದಿಗೂ ಜಗಳ ಹುಟ್ಟುವುದು ಬಹುತೇಕ ಶಬ್ದ ಮತ್ತು ಪಾರ್ಕಿಂಗ್‌ನಿಂದ. ಚೆನ್ನೈನ ಕೆ.ಕೆ.ಆರ್. ಮೆಜೆಸ್ಟಿಕ್ ಕಾಲೊನಿಯ ನಿವಾಸಿಗಳು ಪೆಂತೆಕೋಸ್ತ ಪ್ರಾರ್ಥನಾಲಯವೊಂದರ ಧ್ವನಿವರ್ಧಕ, ಡ್ರಮ್ಮು, ಗಿಟಾರುಗಳ ಸದ್ದಿನ ವಿರುದ್ಧ ದೂರಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಇತರರ ನೆಮ್ಮದಿ ಕೆಡಿಸಿ ಪ್ರಾರ್ಥನೆ ಮಾಡಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲವೆಂದು 2000ದಲ್ಲಿ ಕೋರ್ಟು ತೀರ್ಪು ಕೊಟ್ಟಿತು. ಅದೇ ವರ್ಷ ಬಂದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಹಾಕಿವೆ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಬೇರೆಯವರ ಮೈಕು ಮಿತಿ ಮೀರುತ್ತದಲ್ಲ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಬೇರೆಯವರು ಮೀರುವಲ್ಲಿ ತಾನು ಪಾಲಿಸುವ ಸಭೆಯೇ ನಿಜವಾಗಿ ಎದ್ದು ಕಾಣುವುದು. ಹೊರಗಿನ ಸ್ಪೀಕರ್ ಬೇಡ, ಹಾಲಿನ ಕಿಟಕಿಗಳಿಗೆ ದಪ್ಪ ಪರದೆ ಹಾಕಿಸಿ. ಗಾಡಿಗಳನ್ನು ಎಲ್ಲಿ ನಿಲ್ಲಿಸಬೇಕೆಂದು ಅಕ್ಕಪಕ್ಕದವರನ್ನು ಕೇಳಿಯೇ ಗೊತ್ತುಮಾಡಿ, ಯಾರ ಗೇಟಿಗೂ ಅಡ್ಡವಾಗದಂತೆ ಇಬ್ಬರು ಯುವಕರನ್ನು ನಿಲ್ಲಿಸಿ. ಕ್ರಿಸ್ಮಸ್ಸಿನಂಥ ದೊಡ್ಡ ದಿನಗಳಿಗೆ ಮುಂಚೆ ಮನೆ ಮನೆಗೆ ಹೋಗಿ ಸಮಯ ತಿಳಿಸಿ ಬನ್ನಿ, ತೊಂದರೆಯಾದರೆ ಕರೆ ಮಾಡಲು ಒಬ್ಬ ಹಿರಿಯರ ಫೋನ್ ನಂಬರ್ ಕೊಡಿ.

ಮೂರು ಆಕ್ಷೇಪಗಳು

ಸಭೆಯೆಂದರೆ ಸಮಾಜಸೇವಾ ಸಂಘವಲ್ಲ, ಅದರ ವೈಶಿಷ್ಟ್ಯ ಅದು ಸಾರುವ ಸುವಾರ್ತೆಯಲ್ಲಿದೆ ಎಂಬುದು ಮೊದಲ ಆಕ್ಷೇಪ. ಮಾತು ಸರಿಯೇ. ಕ್ರಿಸ್ತನ ಆರಾಧನೆಯಿಲ್ಲದ ಸಭೆ ಸಭೆಯಲ್ಲ, ಪ್ಲಿನಿಯ ವರದಿ ಶುರುವಾಗುವುದೂ ಅಲ್ಲಿಂದಲೇ. ಆದರೆ ಆ ನಂಬಿಕೆಯನ್ನು ಊರಿನ ಎಲ್ಲ ಸಭೆಗಳೂ ಹಂಚಿಕೊಂಡಿವೆ. ಆಂಗ್ಲಿಕನ್, ಮೆಥೋಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಒಂದಾಗಿ ದಕ್ಷಿಣ ಭಾರತ ಸಭೆಯನ್ನು (ಸಿ.ಎಸ್.ಐ.) ಕಟ್ಟಿದ್ದು ಹೀಗೆ ಹಂಚಿಕೊಂಡ ನಂಬಿಕೆಯ ಬಲದಿಂದ. ಬೋಧನೆಯಲ್ಲಿ ಬೇರೆಯಾಗಿ ಕಾಣಲು ಹೊರಟ ಹೊಸ ಸಭೆ ಕೊನೆಗೆ ಪಕ್ಕದ ಸಭೆಯನ್ನು ಹಳಿಯುವುದರಲ್ಲಿ, ಅದರ ಸದಸ್ಯರನ್ನು ಸೆಳೆಯುವುದರಲ್ಲಿ ಮುಗಿಯುತ್ತದೆ. ನಂಬಿಕೆ ಎಲ್ಲರದೂ ಒಂದೇ ಆದಾಗ ಊರಿಗೆ ಕಾಣುವ ವ್ಯತ್ಯಾಸ ಆ ನಂಬಿಕೆಯನ್ನು ಎಷ್ಟರ ಮಟ್ಟಿಗೆ ಬಾಳುತ್ತೀರಿ ಎಂಬುದರಲ್ಲಿರುತ್ತದೆ.

ಎರಡನೆಯದು ಹೊರಗಿನಿಂದ ಬರುವ ಆಕ್ಷೇಪ: ಅಕ್ಕಿ, ಔಷಧಿ, ಟ್ಯೂಷನ್ ಎಲ್ಲವೂ ಮತಾಂತರದ ಆಮಿಷ. ಇದನ್ನು ದ್ವೇಷದ ಮಾತೆಂದು ತಳ್ಳಿಹಾಕುವುದು ಸುಲಭ, ಉತ್ತರ ಕೊಡುವುದು ಹೆಚ್ಚು ಪ್ರಾಮಾಣಿಕ. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು 1977ರ ಸ್ಟೆನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾನೂನಿಗಿಂತ ಮುಂಚೆ ಆತ್ಮಸಾಕ್ಷಿಯ ಮಾತೂ ಇದೆ. ಹಸಿದವನ ಮುಂದೆ ಅನ್ನದ ಜೊತೆ ಷರತ್ತು ಇಟ್ಟರೆ ಅವನು ಹೇಳುವ ಹೂಂ ನಂಬಿಕೆಯಾಗುವುದಿಲ್ಲ. ಆದ್ದರಿಂದ ಸಹಾಯಕ್ಕೂ ಸದಸ್ಯತ್ವಕ್ಕೂ ಸಂಬಂಧವಿಲ್ಲವೆಂದು ಬರೆದ ನಿಯಮ ಮಾಡಿ. ನೆರವು ಕೊಡುವಾಗ ಪ್ರಾರ್ಥನೆಗೆ ಬರಲೇಬೇಕೆನ್ನಬೇಡಿ, ಪಡೆದವರ ಫೋಟೊ ಹಾಕಬೇಡಿ, ಮಕ್ಕಳ ಟ್ಯೂಷನ್ನಿಗೆ ತಂದೆತಾಯಿಯ ಒಪ್ಪಿಗೆ ಪಡೆಯಿರಿ, ಯಾರು ಬೇಕಾದರೂ ಬಂದು ನೋಡಲು ಬಾಗಿಲು ತೆರೆದಿಡಿ. ಮೈಸೂರಿನಲ್ಲಿ 1906ರಲ್ಲಿ ವೆಸ್ಲಿಯನ್ನರು ಕಟ್ಟಿದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಊರವರು ಮಿಷನ್ ಆಸ್ಪತ್ರೆಯೆಂದೇ ಕರೆಯುತ್ತಾರೆ. ಎಲ್ಲ ಜಾತಿ ಮತಗಳ ಹೆಂಗಸರು ಅಲ್ಲಿ ಹೆರಿಗೆಗೆ ಹೋಗಿ ತಮ್ಮ ತಮ್ಮ ಧರ್ಮದಲ್ಲೇ ಮನೆಗೆ ಮರಳಿದ್ದಾರೆ. ಷರತ್ತಿಲ್ಲದ ಸೇವೆಯನ್ನು ಜನ ನಂಬಲು ಕಾಲ ಹಿಡಿಯುತ್ತದೆ, ನಂಬಿದ ಮೇಲೆ ಬಹುಕಾಲ ಮರೆಯುವುದಿಲ್ಲ.

ಮೂರನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಬೇರೆಯಾಗಿ ಕಾಣಲು ಹೋದ ಸಭೆ ಊರಿನಿಂದಲೇ ಬೇರೆಯಾಗಿಬಿಡಬಹುದು. ಬಾಸೆಲ್ ಮಿಷನ್ನಿನ ಇತಿಹಾಸದಲ್ಲೇ ಈ ಎಚ್ಚರಿಕೆಯಿದೆ. ಕ್ರೈಸ್ತರಾದವರು ಮನೆ, ಕಸುಬು, ಬಂಧುಬಳಗ ಕಳೆದುಕೊಂಡಾಗ ಮಿಷನ್ ಅವರಿಗೆ ಜಾಗ ಕೊಟ್ಟಿತು, ನೇಯ್ಗೆ ಕಲಿಸಿತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಜಾತಿ ಕಸುಬಿನ ಕಟ್ಟನ್ನು ಅದು ಮುರಿಯಿತು, ಮಂಗಳೂರು ಹಂಚಿಗೆ ದೇಶದಾಚೆಗೂ ಹೆಸರು ತಂದಿತು. ಅದೇ ಹೊತ್ತಿಗೆ ಸಭೆಗೆ, ಮನೆಗೆ, ಸಂಬಳಕ್ಕೆ ಒಬ್ಬರೇ ಒಡೆಯರಾದರು, ಕಾಂಪೌಂಡಿನ ಒಳಗಿನವರಿಗೂ ಹೊರಗಿನವರಿಗೂ ನಡುವೆ ಗೋಡೆ ಬೆಳೆಯಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧಿಸಿ ಕಾರ್ಖಾನೆಗಳನ್ನು ಕೈವಶ ಮಾಡಿಕೊಂಡಾಗ ಅದೇ ಒಡೆಯರನ್ನು ನಂಬಿ ಬದುಕಿದ್ದ ಸಭೆಗಳು ಕಂಗಾಲಾದವು. ಈ ಪಾಠದಿಂದ ಕಲಿಯುವ ಹೊಸ ಸಭೆ ತನ್ನದೇ ಶಾಲೆ, ತನ್ನದೇ ಕ್ಲಿನಿಕ್ಕು ಎಂದು ಹೊರಡುವ ಮೊದಲು ಬಡಾವಣೆಯ ಸರ್ಕಾರಿ ಶಾಲೆಗೆ, ಆರೋಗ್ಯ ಕೇಂದ್ರಕ್ಕೆ, ನಿವಾಸಿಗಳ ಸಂಘಕ್ಕೆ ಕೈಜೋಡಿಸುತ್ತದೆ. ಶಾಲೆಯ ಶೌಚಾಲಯಕ್ಕೆ ನೀರಿನ ಟ್ಯಾಂಕು ಬೇಕಿದ್ದರೆ ಅದನ್ನು ಹಾಕಿಸಿಕೊಟ್ಟು, ಅದರ ಮೇಲೆ ಸಭೆಯ ಹೆಸರು ಬರೆಸದೆ ಬರುತ್ತದೆ. ಹೀಗೆ ದುಡಿಯಲು ದೊಡ್ಡ ಸಭೆ ಬೇಕಿಲ್ಲ. ಹನ್ನೆರಡು ಕುಟುಂಬಗಳು ಸಾಕು.

ವರ್ಷ ತುಂಬಿದ ಮೇಲೆ ಹಿರಿಯರು ಒಂದು ಕೆಲಸ ಮಾಡಬಹುದು. ಹಾಲಿನ ಮಾಲೀಕರನ್ನು, ಕೆಳಗಿನ ಅಂಗಡಿಯವರನ್ನು, ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರನ್ನು, ಎದುರು ಮನೆಯ ಹಿರಿಯ ದಂಪತಿಯನ್ನು ಭೇಟಿಯಾಗಿ, ನಮ್ಮಿಂದ ನಿಮಗೇನು ತೊಂದರೆಯಾಗಿದೆ, ಏನು ಉಪಕಾರವಾಗಿದೆ ಎಂದು ಕೇಳಿ, ಉತ್ತರಗಳನ್ನು ಹಾಗೆಯೇ ಬರೆದುಕೊಂಡು ಮಹಾಸಭೆಯಲ್ಲಿ ಓದಬಹುದು. ದೂರುಗಳಿದ್ದರೆ ಮುಂದಿನ ವರ್ಷದ ಕೆಲಸದ ಪಟ್ಟಿ ಅಲ್ಲೇ ಸಿದ್ಧವಾಗುತ್ತದೆ. ಅವರು ಸಭೆಯ ಹೆಸರನ್ನು ನೆನಪಿಟ್ಟಿರಬೇಕೆಂದೇನೂ ಇಲ್ಲ. ಅಲ್ಲಿ ಎಲ್ಲರೂ ಒಟ್ಟಿಗೆ ಉಣ್ಣುತ್ತಾರೆ, ಲೆಕ್ಕ ಗೋಡೆಗೆ ಹಚ್ಚುತ್ತಾರೆ, ನಮ್ಮ ಮಾತು ಆಡುತ್ತಾರೆ, ಕಷ್ಟಕ್ಕೆ ಬರುತ್ತಾರೆ ಎಂದು ಅವರಲ್ಲಿ ಒಬ್ಬರು ಹೇಳಿದರೂ ಆ ಸಭೆಗೆ ಊರಿನಲ್ಲಿ ಗುರುತು ಸಿಕ್ಕಿದೆ ಎನ್ನಬಹುದು.